81 ಅಶ್ವಶಕ್ತಿ ಬಿಆರ್‌ಟಿಎಸ್ ರಸ್ತೆಗೆ ಹೆಚ್ಚಾಯಿತೇ?

ಪ್ರಶ್ನೆ: ನನ್ನ ಮನೆ ಧಾರವಾಡದ ಸಪ್ತಾಪುರದಲ್ಲಿ, ಕೆಲಸ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ. ನಡುವೆ ಬಸ್ಸಿಗೇ ಮೀಸಲಾದ ಪಥವಿರುವ ಬಿಆರ್‌ಟಿಎಸ್ ರಸ್ತೆಯಲ್ಲಿ ವಾರಕ್ಕೆ ಐದು ದಿನ 150 ಸಿಸಿ ಬೈಕಿನಲ್ಲಿ ಹೋಗಿಬರುತ್ತೇನೆ. ಆ ಗಾಡಿಗೆ ಈಗ ಹನ್ನೊಂದು ವರ್ಷ. ತಿಂಗಳಿಗೊಮ್ಮೆ ಯಲ್ಲಾಪುರ ಅಥವಾ ದಾಂಡೇಲಿ ಕಡೆ ಸುತ್ತಾಟವಿರುತ್ತದೆ, ಒಮ್ಮೊಮ್ಮೆ ತಂಗಿ ಹಿಂದೆ ಕೂರುತ್ತಾಳೆ. ಬೆಂಗಳೂರಿನಲ್ಲಿ 2022ರ ಟ್ರಯಂಫ್ ಟ್ರೈಡೆಂಟ್ 660 ಒಂದು ಮಾರಾಟಕ್ಕಿದೆ. ಮೊದಲ ಮಾಲೀಕರದೇ ಗಾಡಿ, ಓಡಿರುವುದು ಹನ್ನೊಂದು ಸಾವಿರ ಕಿಲೋಮೀಟರ್. ನನ್ನ ಎತ್ತರ ಐದು ಅಡಿ ನಾಲ್ಕು ಇಂಚು. ಸಹೋದ್ಯೋಗಿಗಳು ಬೇಡ ಎನ್ನುತ್ತಿದ್ದಾರೆ: ಮೂರು ಸಿಲಿಂಡರಿನ ಎಂಜಿನ್ ನಮ್ಮ ಬಿಸಿಲು ಮತ್ತು ಸಿಗ್ನಲ್‌ಗಳನ್ನು ತಡೆಯುವುದಿಲ್ಲ, ನೂರು ಆಕ್ಟೇನ್ ಪೆಟ್ರೋಲೇ ಬೇಕು, 81 ಅಶ್ವಶಕ್ತಿ ಕೈಗೆ ಸಿಗುವುದಿಲ್ಲ ಎನ್ನುವುದು ಅವರ ವಾದ. ತಮ್ಮನೋ, ಎಬಿಎಸ್ ಮತ್ತು ಟ್ರ್ಯಾಕ್ಷನ್ ಕಂಟ್ರೋಲ್ ಇರುವಾಗ ಬೀಳುವ ಮಾತೇ ಇಲ್ಲ ಎನ್ನುತ್ತಾನೆ. ಅಮ್ಮ ಬೈಪಾಸಿನ ಹೆಸರು ಹೇಳಿ ಹೆದರುತ್ತಾರೆ. ಇದನ್ನು ಕೊಳ್ಳಲೇ, ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ನೋಡಲೇ, ಹೊಸ 400 ಸಿಸಿ ತೆಗೆದುಕೊಳ್ಳಲೇ?

ಉತ್ತರ: ಗಾಡಿಗೆ ಏನಾದೀತು ಎಂದು ನಿಮ್ಮ ಸಹೋದ್ಯೋಗಿಗಳು ಹೇಳುವ ಮಾತುಗಳಲ್ಲಿ ಹೆಚ್ಚಿನವು ಸುಳ್ಳು. ನಿಮಗೆ ಏನಾದೀತು ಎಂದು ನಿಮ್ಮ ತಾಯಿ ಪಡುವ ಭಯದಲ್ಲಿ ನಿಜವಿದೆ, ಆದರೆ ಅದಕ್ಕೆ ಕಾರಣ ಅಶ್ವಶಕ್ತಿಯಲ್ಲ. ಇನ್ನು ಖರ್ಚಿನ ಬಗ್ಗೆ ನೀವು ಒಂದು ಮಾತನ್ನೂ ಕೇಳಿಲ್ಲ. ಗೋಕುಲ ರಸ್ತೆಯ ನನ್ನ ವರ್ಕ್‌ಶಾಪಿಗೆ ಬರುವ ಇಂತಹ ಗಾಡಿಗಳನ್ನು ನೋಡಿದರೆ, ಮಾಲೀಕರು ಎರಡು ವರ್ಷದೊಳಗೆ ಮಾರಲು ಹೊರಡುವುದು ಹೆಚ್ಚಾಗಿ ಆ ಕೇಳದ ಪ್ರಶ್ನೆಯ ಕಾರಣಕ್ಕೇ.

ಮೊದಲು ಆ 81ರ ಲೆಕ್ಕ. 2021ರಲ್ಲಿ ಭಾರತಕ್ಕೆ ಬಂದ ಟ್ರೈಡೆಂಟ್‌ನ ಎಂಜಿನ್ 660 ಸಿಸಿಯದು. ಅದು 81 ಅಶ್ವಶಕ್ತಿ ಕೊಡುವುದು ನಿಮಿಷಕ್ಕೆ 10,250 ಸುತ್ತಿನಲ್ಲಿ. ಗರಿಷ್ಠ ಟಾರ್ಕ್ (ಎಂಜಿನ್‌ನ ತಿರುಚುವ ಬಲ, ಅಂದರೆ ಎಳೆತ) 64 ನ್ಯೂಟನ್ ಮೀಟರ್, ಅದು ಸಿಗುವುದು 6,250 ಸುತ್ತಿನಲ್ಲಿ. ಮೊದಲ ಗೇರಿನಲ್ಲೇ 10,250 ಮುಟ್ಟುವಷ್ಟರಲ್ಲಿ ನೀವು ಉಣಕಲ್‌ನಿಂದ ನವನಗರದವರೆಗಿನ ಯಾವ ರಸ್ತೆಯೂ ಒಪ್ಪದ ವೇಗದಲ್ಲಿರುತ್ತೀರಿ. ದಿನದ ಓಡಾಟದಲ್ಲಿ ಎಂಜಿನ್ ತಿರುಗುವುದು ಮೂರರಿಂದ ಐದು ಸಾವಿರದ ನಡುವೆ. ಶಕ್ತಿ ಎಂದರೆ ಟಾರ್ಕ್ ಮತ್ತು ಸುತ್ತಿನ ಗುಣಲಬ್ಧ. ಆ ಲೆಕ್ಕದಲ್ಲಿ ನಾಲ್ಕು ಸಾವಿರ ಸುತ್ತಿನಲ್ಲಿ ಎಕ್ಸಿಲರೇಟರ್ ಪೂರ್ತಿ ತಿರುವಿದರೂ ನಿಮ್ಮ ಕೈಗೆ ಬರುವುದು ಮೂವತ್ತರ ಆಸುಪಾಸಿನ ಅಶ್ವಶಕ್ತಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗ ಹಿಡಿದಿಡಲು ಬೇಕಾಗುವುದು ನಾಲ್ಕೈದು ಅಶ್ವಶಕ್ತಿ, 100ಕ್ಕೆ ಹದಿನೈದರ ಒಳಗೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುವುದರಿಂದ ಉಳಿದ ಕುದುರೆಗಳೆಲ್ಲ ಕೆಲಸಕ್ಕೆ ಬರುವುದು ಅದರಾಚೆಯ ವೇಗಕ್ಕೆ. ಕೈಪಿಡಿಯ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿರುವ ಅಂಕಿಯನ್ನು ಹುಬ್ಬಳ್ಳಿ-ಧಾರವಾಡದ ನಡುವೆ ನೀವು ಕಾಣುವುದೇ ಇಲ್ಲ.

ಹಾಗಾದರೆ ಆ ಗಾಡಿ ನಿಮ್ಮ 150ರಂತೆಯೇ ಎಂದು ತಿಳಿಯಬೇಡಿ. 150 ಸಿಸಿ ಬೈಕಿನ ಶಕ್ತಿ ಹದಿನಾಲ್ಕು ಅಶ್ವಶಕ್ತಿ, ತೂಕ ನೂರಾ ನಲವತ್ತು ಕಿಲೋ ಎಂದು ಹಿಡಿಯಿರಿ. ಟ್ರೈಡೆಂಟ್ ಪೆಟ್ರೋಲ್ ತುಂಬಿದ ಸ್ಥಿತಿಯಲ್ಲಿ 189 ಕಿಲೋ. ಸವಾರಳ ತೂಕವನ್ನೂ ಸೇರಿಸಿ ಭಾಗಿಸಿದರೆ ಪ್ರತಿ ಕಿಲೋಗೆ ಸಿಗುವ ಶಕ್ತಿ ನಾಲ್ಕು ಪಟ್ಟಿಗೂ ಹೆಚ್ಚು. ಇದು ಕೈಗೆ ತಿಳಿಯುವುದು ಓವರ್‌ಟೇಕ್ ಮಾಡುವಾಗ. ಕಲಘಟಗಿ ದಾಟಿದ ಮೇಲೆ ಲಾರಿಯ ಹಿಂದೆ ಗೇರ್ ಇಳಿಸಿ, ಎಂಜಿನ್ ಕಿರುಚುವವರೆಗೆ ಕಾದು ಮುಂದೆ ಹೋಗುವ ರೂಢಿ ನಿಮಗಿದೆ. ಇಲ್ಲಿ ಅದೇ ಗೇರಿನಲ್ಲಿ ಕೈ ತುಸು ತಿರುವಿದರೆ ಲಾರಿ ಹಿಂದೆ ಬೀಳುತ್ತದೆ. ಅಪಾಯ ಇರುವುದೂ ಅಲ್ಲೇ. ವೇಗ ಏರಿದ್ದು ಗೊತ್ತಾಗುವುದಿಲ್ಲ, ಏಕೆಂದರೆ ಸದ್ದಿಲ್ಲ, ನಡುಕವಿಲ್ಲ. ನಿಮ್ಮ ಹಳೆಯ ಬೈಕು ಎಂಬತ್ತರಲ್ಲೇ ನಡುಗಿ ಎಚ್ಚರಿಸುತ್ತಿತ್ತು. ಇದು ನೂರಿಪ್ಪತ್ತರಲ್ಲೂ ಸುಮ್ಮನಿರುತ್ತದೆ. ನೇಕೆಡ್ ಬೈಕಿನಲ್ಲಿ ಮುಂದೆ ಗಾಳಿ ತಡೆಯುವ ಹೊದಿಕೆ, ಅಂದರೆ ಫೇರಿಂಗ್, ಇಲ್ಲದ ಕಾರಣ ನೂರು ದಾಟಿದ ಮೇಲೆ ಎದೆಗೆ ಬಡಿಯುವ ಗಾಳಿ ಮಾತ್ರ ವೇಗವನ್ನು ನೆನಪಿಸುತ್ತದೆ. ಅದನ್ನು ಕೊರತೆ ಎನ್ನುವವರು ಬಹಳ, ನಾನು ಗುಣ ಎನ್ನುತ್ತೇನೆ.

ಸಿಲಿಂಡರ್ ಎಷ್ಟಿದ್ದರೆ ಒಳ್ಳೆಯದು ಎನ್ನುವ ವಾದಕ್ಕೆ ನಮ್ಮ ಕಡೆ ಕೊನೆಯೇ ಇಲ್ಲ. 650ರ ಸುತ್ತಿನ ಗಾಡಿಗಳಲ್ಲಿ ಎರಡು, ಮೂರು, ನಾಲ್ಕು ಸಿಲಿಂಡರ್‌ಗಳ ಎಂಜಿನ್‌ಗಳು ಸಿಗುತ್ತವೆ. ಕವಾಸಕಿ ಜೆಡ್650ರಲ್ಲಿ ಎರಡು ಸಿಲಿಂಡರ್. 68 ಅಶ್ವಶಕ್ತಿ, ಅದೂ 8,000 ಸುತ್ತಿನಲ್ಲೇ. ಹೋಂಡಾ ಸಿಬಿ650ಆರ್‌ನ ನಾಲ್ಕು ಸಿಲಿಂಡರಿನ ಎಂಜಿನ್‌ಗೆ ಗರಿಷ್ಠ ಶಕ್ತಿ ಬರುವುದು 12,000ದಲ್ಲಿ. ಸಿಲಿಂಡರ್ ಹೆಚ್ಚಿದಂತೆ ಪಿಸ್ಟನ್‌ಗಳು ಚಿಕ್ಕವಾಗಿ, ಹಗುರಾಗಿ, ಎಂಜಿನ್ ಮೇಲಿನ ಸುತ್ತಿಗೆ ಏರಬಲ್ಲುದು. ಆದರೆ ಕೆಳಗಿನ ಸುತ್ತಿನಲ್ಲಿ ಎಳೆತ ಮಂದವಾಗುತ್ತದೆ. ಮೂರು ಸಿಲಿಂಡರ್ ಇವೆರಡರ ನಡುವೆ ಕೂರುತ್ತದೆ: ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, 240 ಡಿಗ್ರಿ ತಿರುಗಿದಾಗಲೆಲ್ಲ ಒಂದು ಸ್ಫೋಟ. ಹೀಗಾಗಿ ಕೆಳಗೆ ಎರಡರಂತೆ ಎಳೆಯುತ್ತದೆ, ಮೇಲೆ ನಾಲ್ಕರಂತೆ ಓಡುತ್ತದೆ. ರಾಯಾಪುರದ ಬಳಿ ಮೂರನೇ ಗೇರಿನಲ್ಲಿ ನಲವತ್ತಕ್ಕೆ ಇಳಿದು ಮತ್ತೆ ಏರುವಾಗ ಎಂಜಿನ್ ತಡವರಿಸುವುದಿಲ್ಲ. ನಿಮ್ಮ ದಾರಿಗೆ ಇದು ಸರಿಯಾದ ಎಂಜಿನ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸರಿಯಾದ ಎಂಜಿನ್ ಎಂದ ಮಾತ್ರಕ್ಕೆ ದಿನದ ಗಾಡಿಯೂ ಸರಿಯಾಗಬೇಕೆಂದಿಲ್ಲ.

ಈಗ ಬಿಸಿಯ ವಿಷಯ. ಎರಡು ಬೇರೆ ಸಂಗತಿಗಳನ್ನು ಜನ ಒಂದು ಮಾಡಿಬಿಟ್ಟಿದ್ದಾರೆ. ಎಂಜಿನ್ ಅತಿಯಾಗಿ ಕಾಯುವುದು ಒಂದು, ಸವಾರರ ಕಾಲು ಸುಡುವುದು ಇನ್ನೊಂದು. ಪೆಟ್ರೋಲಿನ ಶಕ್ತಿಯಲ್ಲಿ ಹಿಂಬದಿಯ ಚಕ್ರಕ್ಕೆ ಹೋಗುವುದು ಹೆಚ್ಚೆಂದರೆ ಮೂರನೇ ಒಂದು ಪಾಲು, ಉಳಿದದ್ದೆಲ್ಲ ಶಾಖ. ಅರ್ಧ ಸೈಲೆನ್ಸರಿನಿಂದ ಹೊರಗೆ, ಅರ್ಧ ರೇಡಿಯೇಟರಿನ ಮೂಲಕ. ಸಿಗ್ನಲ್‌ನಲ್ಲಿ ನಿಂತಾಗ ಎದುರುಗಾಳಿ ಇಲ್ಲದ್ದರಿಂದ ಎಂಜಿನ್ ತಣಿಸುವ ದ್ರವದ, ಅಂದರೆ ಕೂಲಂಟಿನ, ಉಷ್ಣಾಂಶ ಏರಿ, ಸಾಮಾನ್ಯವಾಗಿ ನೂರು ಡಿಗ್ರಿಯ ಆಸುಪಾಸಿನಲ್ಲಿ ಫ್ಯಾನ್ ಚಾಲೂ ಆಗುತ್ತದೆ. ಉಷ್ಣಾಂಶವನ್ನು ಅಂಕಿಯಲ್ಲಿ ತೋರಿಸುವ ಗಾಡಿಗಳಲ್ಲಿ 104 ಎಂದು ಕಂಡೊಡನೆ ಕೆಲವರು ರಸ್ತೆ ಬದಿಗೆ ನಿಲ್ಲಿಸಿ ನನಗೆ ಫೋನ್ ಮಾಡುತ್ತಾರೆ. ಕೂಲಂಟ್ ಬರೀ ನೀರಲ್ಲ, ಗ್ಲೈಕಾಲ್ ಬೆರೆತ ದ್ರವ. ಮೇಲಾಗಿ ರೇಡಿಯೇಟರಿನ ಮುಚ್ಚಳ ಅದನ್ನು ಒತ್ತಡದಲ್ಲಿ ಇಟ್ಟಿರುತ್ತದೆ. ನೂರಿಪ್ಪತ್ತರ ಹತ್ತಿರ ಹೋಗುವವರೆಗೆ ಅದು ಕುದಿಯುವುದಿಲ್ಲ. ಅಪಾಯ ಬಂದರೆ ಕೆಂಪು ದೀಪ ತಾನೇ ಹೇಳುತ್ತದೆ.

ಆದರೆ ಫ್ಯಾನ್ ತಳ್ಳುವ ಗಾಳಿ ಹೋಗುವುದು ಎಲ್ಲಿಗೆ? ನಿಮ್ಮ ಮೊಣಕಾಲು ಮತ್ತು ಮೀನಖಂಡಕ್ಕೆ. ಅದರ ಜೊತೆಗೆ ಕೆಳಗೆ ಕೆಂಡದಂತಾಗುವ, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ಏಪ್ರಿಲ್‌ನ ಮಧ್ಯಾಹ್ನ ಚನ್ನಮ್ಮ ವೃತ್ತದಲ್ಲಿ, ಹೊಸೂರಿನಲ್ಲಿ, ಮತ್ತೆ ಧಾರವಾಡ ಹೊಕ್ಕರೆ ಟೋಲ್‌ನಾಕಾ, ಜ್ಯುಬಿಲಿ ವೃತ್ತದಲ್ಲಿ ನಿಂತು ನಿಂತು ಹೋದರೆ ಎಂಜಿನ್‌ಗೆ ಏನೂ ಆಗುವುದಿಲ್ಲ, ನಿಮಗೆ ಸಾಕಾಗಿಹೋಗುತ್ತದೆ. ಒಳ್ಳೆಯ ರೈಡಿಂಗ್ ಪ್ಯಾಂಟ್ ಹಾಕಿದರೆ ಇದು ಬಹಳ ಕಡಿಮೆಯಾಗುತ್ತದೆ. ಕಚೇರಿಗೆ ದಿನವೂ ಆ ಪ್ಯಾಂಟ್ ಹಾಕುತ್ತೀರಾ ಎಂಬುದನ್ನು ನೀವೇ ಪ್ರಾಮಾಣಿಕವಾಗಿ ಯೋಚಿಸಿ. ನಡುವೆ ಬಿಆರ್‌ಟಿಎಸ್‌ನ ಚಿಗರಿ ಬಸ್ಸಿನ ಮಾರ್ಗ ಖಾಲಿ ಕಾಣುತ್ತದೆ, ಅದು ನಿಮ್ಮದಲ್ಲ. ಪಕ್ಕದ ಮಿಶ್ರ ಸಂಚಾರದ ಪಥದಲ್ಲಿ ಆಟೋ, ಲಾರಿ, ಖಾಸಗಿ ಬಸ್ಸುಗಳ ನಡುವೆಯೇ ನೀವು ಇರಬೇಕು.

ಲಿಕ್ವಿಡ್ ಕೂಲಿಂಗ್ ಎಂಜಿನ್‌ಗಳು ನಮ್ಮ ಊರಿನಲ್ಲಿ ನಿಜವಾಗಿಯೂ ಹಾಳಾಗುವುದನ್ನು ನೋಡಿದ್ದೇನೆ. ಕಾರಣ ಬಿಸಿಲಲ್ಲ, ಬೋರ್‌ವೆಲ್ ನೀರು. ಕೂಲಂಟ್ ಕಡಿಮೆಯಾಯಿತೆಂದು ಯಾರೋ ಕೊಳವೆಬಾವಿಯ ಗಡಸು ನೀರನ್ನು ಸುರಿಯುತ್ತಾರೆ. ಅದರ ಸುಣ್ಣ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ, ನೀರಿನ ಪಂಪಿನ ಸೀಲನ್ನು ತಿನ್ನುತ್ತದೆ. ಮಲಪ್ರಭೆಯ ನೀರು ಎಷ್ಟೋ ಮನೆಗಳಿಗೆ ದಿನವೂ ಬಾರದ ಊರಿನಲ್ಲಿ ಬೋರ್ ನೀರಿನ ಕೊಡವೇ ಕೈಗೆ ಸಿಗುವುದು, ಆದರೂ ಬೇಡ. ಕೈಪಿಡಿ ಹೇಳಿದ ಕೂಲಂಟನ್ನೇ ಹಾಕಿ. ತೀರಾ ಅನಿವಾರ್ಯವಾದರೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರು. ಇನ್ನೊಂದು ಶತ್ರು ವಾಟರ್ ಸರ್ವಿಸ್‌ನ ಪ್ರೆಷರ್ ಗನ್. ನೇಕೆಡ್ ಬೈಕಿನ ರೇಡಿಯೇಟರ್ ಮುಂದಿನ ಚಕ್ರದ ಹಿಂದೆಯೇ ತೆರೆದುಕೊಂಡಿರುವುದರಿಂದ ಅದರ ಮೇಲೆ ಕೆಸರು ಬಂದು ಕೂರುತ್ತದೆ. ಹುಡುಗ ಹತ್ತಿರದಿಂದ ನೀರು ಹೊಡೆದರೆ ಅಲ್ಯೂಮಿನಿಯಂ ರೆಕ್ಕೆಗಳೆಲ್ಲ ಮಡಚಿಕೊಂಡು ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ. ಮನೆಯಲ್ಲಿ ಪೈಪಿನಿಂದ, ಮೆಲ್ಲಗೆ, ನೀವೇ ತೊಳೆಯಿರಿ.

ಪೆಟ್ರೋಲಿನ ಮಾತು ಬೇಗ ಮುಗಿಸುತ್ತೇನೆ. ಆಕ್ಟೇನ್ ಎಂದರೆ ಇಂಧನದ ಶಕ್ತಿಯಲ್ಲ; ಕಿಡಿಯ ಜ್ವಾಲೆ ತಲುಪುವ ಮೊದಲೇ ಒತ್ತಡ, ಶಾಖಕ್ಕೆ ತಾನಾಗಿ ಸಿಡಿಯದಂತೆ ತಡೆಯುವ ಗುಣ. ಎಂಜಿನ್‌ನ ಕಂಪ್ರೆಶನ್‌ಗೆ, ಅಂದರೆ ಅದು ಇಂಧನ-ಗಾಳಿಯನ್ನು ಒತ್ತುವ ಪ್ರಮಾಣಕ್ಕೆ, ಎಷ್ಟು ಬೇಕೋ ಅಷ್ಟಿದ್ದರೆ ಸಾಕು, ಹೆಚ್ಚಿನದಕ್ಕೆ ಕೊಟ್ಟ ಹಣದಿಂದ ಪ್ರಯೋಜನವಿಲ್ಲ. ಕೈಪಿಡಿಯಲ್ಲಿ ಬರೆದಿರುವ ಅಂಕಿ ನೋಡಿ ಅದನ್ನು ಪಾಲಿಸಿ. ಈ ವರ್ಗದ ಗಾಡಿಗೆ ನೂರು ಆಕ್ಟೇನ್ ಬೇಕೆಂಬುದು ಕಟ್ಟುಕಥೆ. ನಿಮಗೆ ಅನ್ವಯಿಸುವ ನಿಜವಾದ ವಿಷಯ ಎಥೆನಾಲ್. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್‌ನಿಂದ ಬಂದ ಗಾಡಿಗಳ ರಬ್ಬರ್, ಪೈಪುಗಳನ್ನು ಇದಕ್ಕೆ ತಕ್ಕಂತೆ ಮಾಡಲಾಗಿದೆ. ನೀವು ನೋಡುತ್ತಿರುವುದು ಅದಕ್ಕಿಂತ ಹಿಂದಿನದು. ಹಾಗೆಂದು ನಾಳೆಯೇ ಪೈಪು ಕರಗುವುದಿಲ್ಲ. ಆದರೆ ಸರ್ವಿಸ್‌ನಲ್ಲಿ ಇಂಧನದ ಪೈಪು, ಸೀಲುಗಳನ್ನು ನೋಡಿಸುತ್ತಿರಬೇಕು. ಎಥೆನಾಲ್ ತೇವವನ್ನು ಹೀರಿಕೊಳ್ಳುವುದರಿಂದ ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಬಿಡಬಾರದು. ಎಥೆನಾಲಿನಲ್ಲಿ ಲೀಟರಿಗೆ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಆ ಲೆಕ್ಕಕ್ಕೆ ಮಿಶ್ರಣದಲ್ಲಿ ಶೇ 6ರಿಂದ 7ರಷ್ಟು ಕಡಿತ, ಮೈಲೇಜಿಗೂ ಅದರ ಪೆಟ್ಟು ಬೀಳುತ್ತದೆ.

ನಿಮ್ಮ ತಮ್ಮನ ಮಾತಿಗೆ ಬರುತ್ತೇನೆ, ಏಕೆಂದರೆ ಸಹೋದ್ಯೋಗಿಗಳ ಮಾತಿಗಿಂತ ಅದೇ ಹೆಚ್ಚು ಅಪಾಯಕಾರಿ. ಎಬಿಎಸ್ ಮಾಡುವುದು ಒಂದೇ ಕೆಲಸ: ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವುದು. ಟ್ರ್ಯಾಕ್ಷನ್ ಕಂಟ್ರೋಲ್ ಎಕ್ಸಿಲರೇಟರ್ ತಿರುವಿದಾಗ ಹಿಂದಿನ ಚಕ್ರ ಸುಮ್ಮನೆ ತಿರುಗದಂತೆ ಎಂಜಿನ್‌ನ ಶಕ್ತಿ ತಗ್ಗಿಸುತ್ತದೆ. ರಸ್ತೆಯಲ್ಲಿ ಇಲ್ಲದ ಹಿಡಿತವನ್ನು ಇವೆರಡೂ ಹುಟ್ಟಿಸಲಾರವು. 2022ರ ಈ ಮಾದರಿಯ ಎಬಿಎಸ್‌ಗೆ ಗಾಡಿ ಎಷ್ಟು ವಾಲಿದೆ ಎಂಬುದು ತಿಳಿಯುವುದಿಲ್ಲ. ಆ ಅರಿವಿರುವ ಎಬಿಎಸ್ ಬಂದದ್ದು ನಂತರದ ಮಾದರಿಗಳಿಗೆ. ಅಂದರೆ ಅರಬೈಲ್ ಘಟ್ಟದ ತಿರುವಿನ ನಡುವೆ ಗಾಬರಿಯಿಂದ ಮುಂದಿನ ಬ್ರೇಕ್ ಹಿಂಡಿದರೆ ಅದು ನಿಮ್ಮನ್ನು ಕಾಯುತ್ತದೆಂಬ ಭರವಸೆ ಇಲ್ಲ. ಜಲ್ಲಿ ಚೆಲ್ಲಿದ ಕಡೆ ಎಬಿಎಸ್ ಇದ್ದರೆ ನಿಲ್ಲುವ ದೂರ ಉದ್ದವಾಗುವುದೂ ಉಂಟು.

ಮಣ್ಣಿನ ವಿಷಯವನ್ನು ಬೇರೆ ಊರಿನವರು ಬರೆಯುವುದಿಲ್ಲ, ನಾನು ಬರೆಯಲೇಬೇಕು. ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ರಸ್ತೆಗಳಲ್ಲಿ ಹೊಲದಿಂದ ಹತ್ತುವ ಟ್ರ್ಯಾಕ್ಟರ್ ಟೈರುಗಳು ಎರೆ ಮಣ್ಣನ್ನು ಡಾಂಬರಿನ ಮೇಲೆ ಬಿಟ್ಟು ಹೋಗುತ್ತವೆ. ಒಣಗಿದ್ದಾಗ ಅದು ಬರೀ ಧೂಳು. ನಾಲ್ಕು ಹನಿ ಬಿದ್ದರೆ ರಸ್ತೆಗೆ ಎಣ್ಣೆ ಸುರಿದಂತಾಗುತ್ತದೆ. 180 ಮಿಲಿಮೀಟರ್ ಅಗಲದ ಹಿಂದಿನ ಟೈರ್ ಇದ್ದರೆ ಹಿಡಿತ ಹೆಚ್ಚು ಎಂದು ತಿಳಿದವರು ಅಲ್ಲಿ ಮೊದಲು ಬೀಳುತ್ತಾರೆ. ಅಗಲ ಟೈರಿನ ಗೆರೆಗಳಲ್ಲಿ ಆ ಮಣ್ಣು ತುಂಬಿಕೊಂಡರೆ ಉಳಿಯುವುದು ನುಣ್ಣನೆಯ ರಬ್ಬರ್ ಮಾತ್ರ. ಕಪ್ಪು ಪಟ್ಟೆ ಕಂಡರೆ ನೇರವಾಗಿ, ಬ್ರೇಕ್ ಮುಟ್ಟದೆ, ಎಕ್ಸಿಲರೇಟರ್ ಸಮವಾಗಿ ಹಿಡಿದು ದಾಟಿ. ರೇನ್ ಮೋಡ್ ಹಾಕಿಕೊಂಡರೆ ಎಕ್ಸಿಲರೇಟರಿನ ಪ್ರತಿಕ್ರಿಯೆ ಮೆದುವಾಗುತ್ತದೆ, ಅಷ್ಟು ಲಾಭ ಪಡೆಯಿರಿ. ಮೊದಲ ಕೆಲವು ವಾರ ಬಿಸಿಲಿದ್ದರೂ ಅದೇ ಮೋಡ್‌ನಲ್ಲಿ ಓಡಿಸಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ. ಗಂಡಸರು ಸಾಮಾನ್ಯವಾಗಿ ಕೇಳುವುದಿಲ್ಲ.

ನಿಮ್ಮ ತಾಯಿಯ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆಗ ಎರಡೇ ಪಥವಿದ್ದ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ, 2021ರ ಜನವರಿಯಲ್ಲಿ ಇಟ್ಟಿಗಟ್ಟಿಯ ಬಳಿ ಆದಂತಹ ಅಪಘಾತಗಳು ಈ ಅವಳಿ ನಗರದ ಯಾವ ಮನೆಯೂ ಮರೆಯುವಂತಹವಲ್ಲ. ನಿಮ್ಮ ದಿನದ ದಾರಿ ಬೈಪಾಸ್ ಅಲ್ಲ ಎಂಬುದನ್ನು ಅವರಿಗೆ ಹೇಳಿ. ಜೊತೆಗೆ ನಿಮಗೆ ನಾನು ಹೇಳುವುದು ಬ್ರೇಕಿನ ಅಭ್ಯಾಸದ ಬಗ್ಗೆ. ಸಣ್ಣ ಬೈಕಿನಲ್ಲಿ ಕಲಿತ ನಮ್ಮ ಬಹುಪಾಲು ಜನ ಪಾದದ ಬ್ರೇಕನ್ನೇ ನಂಬುತ್ತಾರೆ. ಗಾಡಿ ನಿಧಾನವಾಗುವಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಚಕ್ರದ್ದು. ಟ್ರೈಡೆಂಟ್‌ನ ಮುಂದೆ 310 ಮಿಲಿಮೀಟರಿನ ಎರಡು ಡಿಸ್ಕ್ ಕೊಟ್ಟಿರುವುದು ಅದಕ್ಕೇ. ಲಿವರನ್ನು ಒಮ್ಮೆಗೇ ಕಚ್ಚಿಕೊಳ್ಳದೆ, ಮೊದಲು ಮೆಲ್ಲಗೆ ಹಿಡಿದು ನಂತರ ಬಿಗಿ ಮಾಡುವುದನ್ನು ಖಾಲಿ ಮೈದಾನದಲ್ಲಿ ಕಲಿಯಿರಿ. 60ರಿಂದ ನಿಲ್ಲುವುದನ್ನು ಬೆರಳು ತಾನಾಗಿ ಮಾಡುವವರೆಗೆ ಅಭ್ಯಾಸ ಮಾಡಿ. ಹಳೆಯ ಗಾಡಿಯಲ್ಲೇ ಇಂದಿನಿಂದ ಆರಂಭಿಸಬಹುದು.

ಎತ್ತರದ ಚಿಂತೆ ಬೇಡ. ಸೀಟಿನ ಎತ್ತರ 805 ಮಿಲಿಮೀಟರ್, ಮುಂಭಾಗ ಕಿರಿದಾಗಿರುವುದರಿಂದ ಐದು ಅಡಿ ನಾಲ್ಕು ಇಂಚಿನವರಿಗೆ ಎರಡೂ ಪಾದದ ಮುಂಭಾಗ ನೆಲಕ್ಕೆ ಸಿಗುತ್ತದೆ. ಕಷ್ಟವಾಗುವುದು ಓಡಿಸುವಾಗಲ್ಲ, ನಿಮ್ಮ ಓಣಿಯ ಇಳಿಜಾರಿನಲ್ಲಿ ಗಾಡಿಯನ್ನು ಹಿಂದಕ್ಕೆ ತಳ್ಳುವಾಗ. 189 ಕಿಲೋವನ್ನು ಒಬ್ಬರೇ ಏರಿಗೆ ಹಿಂದಕ್ಕೆ ತಳ್ಳಲು ಆಗುವುದಿಲ್ಲ, ಅದು ಗಂಡು ಹೆಣ್ಣಿನ ಪ್ರಶ್ನೆಯಲ್ಲ. ಮೂತಿ ರಸ್ತೆಯ ಕಡೆಗಿರುವಂತೆ ನಿಲ್ಲಿಸುವ ರೂಢಿ ಮಾಡಿಕೊಳ್ಳಿ. ತಂಗಿ ಕೂರುವ ಹಿಂದಿನ ಸೀಟು ಚಿಕ್ಕದು. ಅವರು ಕೂರುವ ದಿನ ಹಿಂದಿನ ಸಸ್ಪೆನ್ಷನ್‌ನ ಸ್ಪ್ರಿಂಗನ್ನು ಬಿಗಿ ಮಾಡಿಸಬೇಕು. ಇಲ್ಲದಿದ್ದರೆ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತದೆ, ಹಂಪ್ ದಾಟುವಾಗ ತಳ ಬಡಿಯುತ್ತದೆ. ಮುಂದಿನ ಫೋರ್ಕ್‌ನಲ್ಲಿ ತಿರುವಿ ಸರಿಪಡಿಸುವ ವ್ಯವಸ್ಥೆ ಇಲ್ಲ. ನಮ್ಮ ಗುಂಡಿಗಳಿಗೆ ಅದು ತುಸು ಗಡಸು, ಯಲ್ಲಾಪುರದ ತಿರುವುಗಳಿಗೆ ಹದ.

ಇನ್ನು ನೀವು ಕೇಳದ ಪ್ರಶ್ನೆ. ದಿನಕ್ಕೆ ನಲವತ್ತು ಕಿಲೋಮೀಟರ್ ಎಂದರೆ ಸುತ್ತಾಟವೂ ಸೇರಿ ವರ್ಷಕ್ಕೆ ಹನ್ನೊಂದು, ಹನ್ನೆರಡು ಸಾವಿರ. ಇಂತಹ ಮೃದು ರಬ್ಬರಿನ ಹಿಂದಿನ ರೇಡಿಯಲ್ ಟೈರ್ ಬಾಳುವುದು ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ವರ್ಷಕ್ಕೊಂದು ಹಿಂದಿನ ಟೈರ್, ಅದರ ಬೆಲೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಟ್ರಾಫಿಕ್ಕಿನಲ್ಲಿ ಮೈಲೇಜ್ ಹದಿನೆಂಟರ ಹತ್ತಿರ ಹಿಡಿಯಿರಿ. ನಿಮ್ಮ ಈಗಿನ ಗಾಡಿಗೆ ಹೋಲಿಸಿದರೆ ವಾರಕ್ಕೆ ಆರೇಳು ಲೀಟರ್ ಹೆಚ್ಚು ಪೆಟ್ರೋಲ್. ಸರ್ವಿಸ್ ಅವಧಿ 16,000 ಕಿಲೋಮೀಟರ್ ಅಥವಾ ಒಂದು ವರ್ಷ, ಈ ವರ್ಗದಲ್ಲಿ ಇದು ಉದಾರವೇ. ಆದರೆ ನಮ್ಮ ಧೂಳಿನಲ್ಲಿ ಏರ್ ಫಿಲ್ಟರ್ ಅಷ್ಟು ದಿನ ಕಾಯುವುದಿಲ್ಲ, ನಡುವೆ ಒಮ್ಮೆ ತೆಗೆದು ನೋಡಿಸಿ. ಎಂಜಿನ್ ಆಯಿಲ್ ಡಬ್ಬದ ಮೇಲೆ ಬೈಕಿನ ಆಯಿಲ್‌ನ ದರ್ಜೆಯಾದ ಜಾಸೋ ಎಂಎ2 ಎಂದಿರಬೇಕು. ಕಾರಿನ ಆಯಿಲ್ ಹಾಕಿದರೆ ಅದರೊಳಗೇ ಮುಳುಗಿರುವ ಕ್ಲಚ್ ಜಾರುತ್ತದೆ. ಚೈನನ್ನು ಪೆಟ್ರೋಲಿನಿಂದ ತೊಳೆಯಬೇಡಿ, ಒಳಗಿನ ರಬ್ಬರ್ ಉಂಗುರಗಳು ಒಡೆಯುತ್ತವೆ.

ಗಾಳಿಯ ಬಗ್ಗೆ ಒಂದು ಮಾತು ಬೇಕು. ಪಂಕ್ಚರ್ ಅಂಗಡಿಯವರು ಎಲ್ಲ ಬೈಕಿಗೂ ಹಾಕುವ ಗಾಳಿಯನ್ನೇ ಇದಕ್ಕೂ ಹಾಕುತ್ತಾರೆ, ಕಡಿಮೆ ಇದ್ದರೆ ಹಿಡಿತ ಹೆಚ್ಚು ಎಂದು ಉಪದೇಶವನ್ನೂ ಕೊಡುತ್ತಾರೆ. ಗಾಡಿಯ ಮೇಲಿನ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಇರುವ ಒತ್ತಡ ಅದಕ್ಕಿಂತ ಸಾಕಷ್ಟು ಹೆಚ್ಚು. ಕಡಿಮೆ ಗಾಳಿಯಲ್ಲಿ ಟೈರ್ ಕಾಯುತ್ತದೆ, ಹ್ಯಾಂಡಲ್ ಭಾರವಾಗುತ್ತದೆ, ಮೊದಲ ಗುಂಡಿಗೇ ಅಲಾಯ್ ರಿಮ್ ಬಾಗುತ್ತದೆ. ರಿಮ್‌ನ ಬೆಲೆ ಕೇಳಿದರೆ ಟೈರ್ ಅಗ್ಗ ಎನಿಸೀತು. ನಿಮ್ಮದೇ ಒಂದು ಗೇಜ್ ಇಟ್ಟುಕೊಳ್ಳಿ.

ಸರ್ವಿಸ್ ಎಲ್ಲಿ ಎಂಬುದನ್ನು ಹಣ ಕೊಡುವ ಮೊದಲೇ ತೀರ್ಮಾನಿಸಬೇಕು. ಊರಿನಲ್ಲಿ ಆ ಕಂಪನಿಯ ಬೋರ್ಡು ಇದ್ದರೆ ಸಾಲದು. ಒಂದು ಸಿಲಿಂಡರಿನ ಗಾಡಿಗಳನ್ನು ದಿನವೂ ಬಿಚ್ಚುವ ಕಡೆ ಮೂರು ಸಿಲಿಂಡರಿನ ಎಂಜಿನ್ ಮುಟ್ಟಿದ ಮೆಕ್ಯಾನಿಕ್ ಇದ್ದಾರೆಯೇ, ಕಂಪ್ಯೂಟರಿಗೆ ಜೋಡಿಸುವ ಉಪಕರಣ ಇದೆಯೇ, ಮುಂದಿನ ಬ್ರೇಕ್ ಪ್ಯಾಡ್ ಬೇಕೆಂದರೆ ಎಷ್ಟು ದಿನ ಎಂದು ನೇರವಾಗಿ ಕೇಳಿ. ತೃಪ್ತಿಕರ ಉತ್ತರ ಸಿಗದಿದ್ದರೆ ದೊಡ್ಡ ಸರ್ವಿಸ್‌ಗೆ ಬೆಳಗಾವಿಯನ್ನೋ ಬೆಂಗಳೂರನ್ನೋ ಲೆಕ್ಕದಲ್ಲಿ ಸೇರಿಸಿ. ದಿನವೂ ಕೆಲಸಕ್ಕೆ ಬೇಕಾದ ಗಾಡಿ ಒಂದು ಲಿವರಿಗಾಗಿ ಎರಡು ವಾರ ನಿಂತರೆ ನಿಮಗೆ ಚಿಗರಿ ಬಸ್ಸೇ ಗತಿ.

ಈಗ ಯಾವುದನ್ನು ಕೊಳ್ಳುವುದು? ಒಂದೇ ಗಾಡಿ ಇಟ್ಟುಕೊಳ್ಳುವ ಯೋಚನೆ ಇದ್ದರೆ, 150ನ್ನು ಮಾರಿ ಟ್ರೈಡೆಂಟ್ ತರಬೇಡಿ. ಆಗ 400 ಸಿಸಿಯ ಒಂದು ಸಿಲಿಂಡರ್ ಗಾಡಿಯೇ ಸರಿ. ಟ್ರಯಂಫ್ ಸ್ಪೀಡ್ 400 ಕೊಡುವ 40 ಅಶ್ವಶಕ್ತಿ ನಿಮ್ಮ ಈಗಿನದಕ್ಕಿಂತ ಎರಡು ಪಟ್ಟಿಗೂ ಮಿಗಿಲು. ಮೈಲೇಜ್, ಟೈರ್, ಬಿಡಿಭಾಗ ಎಲ್ಲವೂ ಕೈಗೆಟುಕುತ್ತವೆ. ಕೆಟಿಎಂ 390 ಡ್ಯೂಕ್ ಇನ್ನೂ ಚುರುಕು, ಆದರೆ ಟ್ರಾಫಿಕ್ಕಿನಲ್ಲಿ ಅದಕ್ಕೆ ತಾಳ್ಮೆ ಕಡಿಮೆ. ಹೊಸದು ಕೊಳ್ಳುವಾಗ ಒಂದು ವಿಷಯ ಗಮನಿಸಿ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕುಗಳಿಗೆ ಜಿಎಸ್‌ಟಿ ಶೇ 40, ಅದರೊಳಗಿನವಕ್ಕೆ ಶೇ 18. 400 ಸಿಸಿಯವೂ ಮೇಲಿನ ಸಾಲಿನಲ್ಲೇ ಬರುತ್ತವೆ.

ಇಂಟರ್‌ಸೆಪ್ಟರ್ 650 ಬಗ್ಗೆ ಕೇಳಿದ್ದೀರಿ. 648 ಸಿಸಿ, ಎರಡು ಸಿಲಿಂಡರ್, 47 ಅಶ್ವಶಕ್ತಿ, 52 ನ್ಯೂಟನ್ ಮೀಟರ್. ಟಾರ್ಕ್ ಟ್ರೈಡೆಂಟ್‌ಗೆ ಬಹಳ ಹಿಂದಿಲ್ಲ ಎಂಬುದನ್ನು ಗಮನಿಸಿ. ಕೆಳಗಿನ ಸುತ್ತಿನಲ್ಲಿ ಎರಡರ ಎಳೆತದ ವ್ಯತ್ಯಾಸ ಕೈಪಿಡಿಯ ಅಶ್ವಶಕ್ತಿಯಷ್ಟು ದೊಡ್ಡದಲ್ಲ. ಗಾಳಿ ಮತ್ತು ಆಯಿಲ್‌ನಿಂದ ತಣಿಯುವ ಎಂಜಿನ್, ರೇಡಿಯೇಟರಿನ ಗೋಜಿಲ್ಲ, ಹುಬ್ಬಳ್ಳಿಯಲ್ಲೇ ರಿಪೇರಿಯಾಗುತ್ತದೆ. ಕೊರತೆ ತೂಕದ್ದು: ಇನ್ನೂರು ಕಿಲೋ ದಾಟುತ್ತದೆ, ತಿರುವಿನಲ್ಲಿ ಟ್ರೈಡೆಂಟ್‌ನಷ್ಟು ಬೇಗ ಮಗ್ಗುಲು ಬದಲಿಸುವುದಿಲ್ಲ. ಸೇವೆಯ ನೆಮ್ಮದಿ ಮೊದಲು ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ನಿಮಗೆ ನನ್ನ ಸಲಹೆ ಬೇರೆ. ನಿಮ್ಮ 150 ಇನ್ನೂ ಓಡುತ್ತಿದೆ. ಅದಕ್ಕೆ ಚೈನ್ ಸೆಟ್, ಕ್ಲಚ್ ಪ್ಲೇಟ್, ಟೈರ್ ಹಾಕಿಸಿ ಕಚೇರಿಗೆ ಅದನ್ನೇ ಇಟ್ಟುಕೊಳ್ಳಿ. ಟ್ರೈಡೆಂಟ್ ಬರಲಿ, ವಾರದ ಕೊನೆಗೆ ಮತ್ತು ಮನಸ್ಸಾದ ದಿನಗಳಿಗೆ. ಆಗ ಟೈರ್ ಎರಡು ಮೂರು ವರ್ಷ ಬರುತ್ತದೆ, ಕಾಲು ಸುಡುವ ಪ್ರಶ್ನೆ ಇಲ್ಲ, ಬಿಡಿಭಾಗ ತಡವಾದರೂ ಕೆಲಸ ನಿಲ್ಲುವುದಿಲ್ಲ. ಇದಕ್ಕೂ ಅದರದೇ ತೊಂದರೆಗಳಿವೆ. ಹದಿನೈದು ದಿನ ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ, ಆಷಾಢದ ಮಳೆಯಲ್ಲಿ ತಿಂಗಳು ನಿಲ್ಲಿಸಿದರೆ ಎಥೆನಾಲ್ ಪೆಟ್ರೋಲಿನ ಕಾಟವೂ ಸೇರುತ್ತದೆ. ವಾರಕ್ಕೊಮ್ಮೆ ಕೆಲಗೇರಿಯವರೆಗಾದರೂ ಓಡಿಸಬೇಕು. ನಿಂತಲ್ಲೇ ಐದು ನಿಮಿಷ ಚಾಲೂ ಮಾಡಿ ಆರಿಸುವುದರಿಂದ ಲಾಭಕ್ಕಿಂತ ಕೆಡುಕೇ ಹೆಚ್ಚು, ಬ್ಯಾಟರಿಯಿಂದ ತೆಗೆದಷ್ಟೂ ವಾಪಸು ತುಂಬುವುದಿಲ್ಲ.

ಬೆಂಗಳೂರಿಗೆ ನೋಡಲು ಹೋಗುವಾಗ ಮಾಲೀಕರಿಗೆ ಮೊದಲೇ ಹೇಳಿ: ನೀವು ಬರುವವರೆಗೆ ಗಾಡಿ ಚಾಲೂ ಮಾಡಬಾರದು. ತಣ್ಣಗಿದ್ದಾಗ ಎಂಜಿನ್ ಹೇಗೆ ಎದ್ದೇಳುತ್ತದೆ ಎಂಬುದನ್ನು ನೀವೇ ಕೇಳಬೇಕು. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2322 ಎಂದಿದ್ದರೆ 2022ರ 23ನೇ ವಾರದಲ್ಲಿ ತಯಾರಾದದ್ದು. ಇನ್ನೂ ಮೂಲ ಟೈರೇ ಇದ್ದರೆ, ಗೆರೆ ಎಷ್ಟೇ ಉಳಿದಿರಲಿ, ಹೊಸ ಜೋಡಿಯ ಬೆಲೆಯನ್ನು ಕೇಳಿದ ಹಣದಲ್ಲಿ ಕಳೆಯಿರಿ. ಮುಂದಿನ ಚಕ್ರವನ್ನು ಎತ್ತಿ ತಿರುಗಿಸಿ ರಿಮ್ ಓಲಾಡುತ್ತದೆಯೇ ನೋಡಿ. ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುವಿ, ಚಾಸಿಯಲ್ಲಿ ಅದು ತಡೆದು ನಿಲ್ಲುವ ಮೂಲೆಯಲ್ಲಿ ಬಣ್ಣ ಎದ್ದಿದೆಯೇ, ಉಬ್ಬು ತಗ್ಗಿದೆಯೇ ನೋಡಿ. ಬಿದ್ದ ಗಾಡಿಗೆ ಹೊಸ ಟ್ಯಾಂಕ್, ಹೊಸ ಲಿವರ್ ಹಾಕಬಹುದು, ಆ ಮೂಲೆಯನ್ನು ಯಾರೂ ಸರಿಪಡಿಸುವುದಿಲ್ಲ. ಕೂಲಂಟಿನ ಡಬ್ಬದಲ್ಲಿ ತುಕ್ಕಿನ ಬಣ್ಣ ಕಂಡರೆ ಮುಂದಿನ ಮಾತು ಬೇಡ.

ಕಾಗದಪತ್ರದಲ್ಲಿ ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ, ಗಾಡಿಯ ಮೇಲೆ ಸಾಲವಿದ್ದರೆ ಅದು ತೀರಿದ್ದಕ್ಕೆ ಬ್ಯಾಂಕಿನ ನಮೂನೆ 35. ಕರ್ನಾಟಕದೊಳಗಿನ ಗಾಡಿಯಾದ್ದರಿಂದ ಮತ್ತೆ ಆಜೀವ ತೆರಿಗೆ ಕಟ್ಟಬೇಕಿಲ್ಲ. ಟ್ರಾಫಿಕ್ ದಂಡ ಬಾಕಿ ಇದೆಯೇ ಎಂದು ನೋಂದಣಿ ಸಂಖ್ಯೆ ಹಾಕಿ ನೋಡಿ, ಬೆಂಗಳೂರಿನ ಗಾಡಿಗಳಿಗೆ ಅದು ಇದ್ದೇ ಇರುತ್ತದೆ. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅಲ್ಲಿಂದ ಇಲ್ಲಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ಪರಿಚಯವಿಲ್ಲದ ಗಾಡಿಯಲ್ಲಿ ಮೊದಲ ದಿನವೇ ಹೆದ್ದಾರಿ ಹಿಡಿಯುವ ಬದಲು ರೈಲಿನಲ್ಲೋ ಲಾರಿಯಲ್ಲೋ ಪಾರ್ಸೆಲ್ ಮಾಡಿ ತರಿಸಿ. ರೈಲಾದರೆ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ತೆಗೆಯಬೇಕು. ಹುಬ್ಬಳ್ಳಿ ನಿಲ್ದಾಣದಲ್ಲಿ ಇಳಿಸಿಕೊಳ್ಳಲು ಹೋಗುವಾಗ ಒಂದೆರಡು ಲೀಟರ್ ಕ್ಯಾನಿನಲ್ಲಿ ಜೊತೆಗಿರಲಿ.